ಮನೆಗೆ ಹೊರಟ ರೋಗಿಯ ಔಷಧ ಚೀಟಿ: ವಾರ್ಡಿನಲ್ಲೇ ಸರಿಪಡಿಸುವ ಬಗೆ

ಬೆಳಿಗ್ಗೆ ಹತ್ತರ ರೌಂಡಿನಲ್ಲಿ ದೊಡ್ಡ ಡಾಕ್ಟರು "ಇವರನ್ನು ಇವತ್ತು ಕಳಿಸಿಬಿಡಿ" ಎಂದು ಮುಂದಿನ ಮಂಚಕ್ಕೆ ಹೋಗುತ್ತಾರೆ. ಅಲ್ಲಿಂದ ರೋಗಿ ಗೇಟು ದಾಟುವಷ್ಟರಲ್ಲಿ ಅರ್ಧ ದಿನ ಕಳೆಯುವುದು ಮುಂಬೈಗೆ ಹೊಸದಲ್ಲ. ಆ ಅರ್ಧ ದಿನದಲ್ಲಿ ಬಿಲ್ಲಿಗೆ ಹೊತ್ತು ಸಿಗುತ್ತದೆ, ಇನ್ಶೂರೆನ್ಸ್ ಫೈಲಿಗೂ ಸಿಗುತ್ತದೆ. ಔಷಧ ಚೀಟಿಗೆ ಉಳಿಯುವುದು ಕೊನೆಯ ಹತ್ತು ನಿಮಿಷ. ಕೆಳಗೆ ಟ್ಯಾಕ್ಸಿ ಕಾಯುತ್ತಿದೆ, ಮಗ ಬಿಲ್ ಕೌಂಟರಿನಲ್ಲಿದ್ದಾನೆ, ತಾಯಿಯ ಕೈಯಲ್ಲಿ ಮಾತ್ರೆಗಳ ಚೀಲ. ಸಿಸ್ಟರ್ "ಎಲ್ಲ ಬರೆದಿದೆ, ನೋಡಿಕೊಂಡು ತಗೊಳ್ಳಿ" ಅನ್ನುತ್ತಾರೆ.

ಬರೆದಿರುವುದು ಇಂಗ್ಲಿಷಿನಲ್ಲಿ. ಅದರಲ್ಲಿ ಅರ್ಧ ಸಂಕ್ಷೇಪಾಕ್ಷರ. ಮನೆಯ ಡಬ್ಬಿಯಲ್ಲಿ ಮೊದಲಿನಿಂದ ಇರುವ ಬಿಪಿ, ಶುಗರ್ ಮಾತ್ರೆಗಳನ್ನು ಏನು ಮಾಡಬೇಕೆಂದು ಒಂದು ಸಾಲೂ ಇಲ್ಲ.

ಈ ಬರಹ ಮುಂಬೈ, ಠಾಣೆ, ಡೊಂಬಿವಲಿ ಕಡೆಯ ಸಣ್ಣ, ಮಧ್ಯಮ ಗಾತ್ರದ ಆಸ್ಪತ್ರೆಗಳಲ್ಲಿ ದುಡಿಯುವ ಸಿಸ್ಟರ್‌ಗಳು, ಆರ್‌ಎಂಒಗಳು (ವಾರ್ಡಿನ ಡ್ಯೂಟಿ ಡಾಕ್ಟರುಗಳು), ಫಾರ್ಮಸಿಸ್ಟರು, ಆಡಳಿತ ನೋಡುವವರಿಗಾಗಿ. ಅವರಲ್ಲಿ ನಮ್ಮ ಕರಾವಳಿಯವರೂ ಉತ್ತರ ಕರ್ನಾಟಕದವರೂ ಎಷ್ಟು ಜನ ಇದ್ದಾರೆ ಎಂಬುದು ಇಲ್ಲಿನ ಯಾವ ವಾರ್ಡಿಗೆ ಹೋದರೂ ಗೊತ್ತಾಗುತ್ತದೆ. ಹೊಸ ಸಾಫ್ಟ್‌ವೇರ್ ಬೇಕಿಲ್ಲ. ಒಂದು ಪುಟದ ನಮೂನೆ, ಹಿಂದಿನ ದಿನ ಸಂಜೆಯ ಅರ್ಧ ಗಂಟೆ, ಮಂಚದ ಪಕ್ಕದ ಹತ್ತು ನಿಮಿಷ ಸಾಕು. ಯಾವ ಔಷಧ, ಎಷ್ಟು ಡೋಸ್ ಎಂಬ ತೀರ್ಮಾನ ಡಾಕ್ಟರದ್ದೇ. ಆ ತೀರ್ಮಾನ ರೋಗಿಯ ಅಡುಗೆಮನೆ ತಲುಪುವವರೆಗಿನ ದಾರಿಯ ಬಗ್ಗೆ ಮಾತ್ರ ಇಲ್ಲಿ ಹೇಳುತ್ತಿದ್ದೇವೆ.

ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಔಷಧದಿಂದಾಗುವ ಹಾನಿ ತಗ್ಗಿಸುವ ಅಭಿಯಾನ ಶುರು ಮಾಡಿದಾಗ ಮೂರು ಜಾಗಗಳತ್ತ ಬೆರಳು ತೋರಿಸಿತು: ಅಪಾಯ ಹೆಚ್ಚಿರುವ ಸಂದರ್ಭಗಳು, ಒಬ್ಬರೇ ಹಲವು ಔಷಧ ತಗೊಳ್ಳುವುದು, ಆರೈಕೆ ಒಂದು ಕೈಯಿಂದ ಇನ್ನೊಂದು ಕೈಗೆ ದಾಟುವ ಹೊತ್ತು. ವಯಸ್ಸಾದ ಶುಗರ್ ರೋಗಿಯ ಡಿಸ್ಚಾರ್ಜ್ ದಿನ ಈ ಮೂರೂ ಒಂದೇ ಮಂಚದ ಮೇಲೆ ಕೂತಿರುತ್ತವೆ.

ಮೊದಲು ನಿಮ್ಮದೇ 20 ಚೀಟಿ ತೆಗೆದು ನೋಡಿ

ಸುಧಾರಣೆಗೆ ಇಳಿಯುವ ಮುಂಚೆ ಹಿಂದಿನ ವಾರದ 20 ಡಿಸ್ಚಾರ್ಜ್ ಚೀಟಿಗಳ ನಕಲು ತೆಗೆದುಕೊಂಡು ಆರ್‌ಎಂಒ, ಸಿಸ್ಟರ್, ಫಾರ್ಮಸಿಸ್ಟ್ ಮೂವರೂ ಒಂದು ಮೇಜಿಗೆ ಕೂತುಕೊಳ್ಳಿ. ಪ್ರತಿ ಚೀಟಿಗೂ ಐದು ಪ್ರಶ್ನೆ ಹಾಕಿ. ಔಷಧದ ಮೂಲ ಹೆಸರು ಇದೆಯೇ, ಬರೀ ಬ್ರ್ಯಾಂಡ್ ಇದೆಯೇ? ಎಷ್ಟು ದಿನ ಎಂದು ಬರೆದಿದೆಯೇ? ದಾಖಲಾಗುವ ಮುಂಚೆ ತಗೊಳ್ಳುತ್ತಿದ್ದ ಪ್ರತಿಯೊಂದು ಔಷಧದ ಗತಿ ಏನೆಂದು ಹೇಳಿದೆಯೇ? ಕೊನೆಯ ಡೋಸ್ ವಾರ್ಡಿನಲ್ಲಿ ಎಷ್ಟು ಹೊತ್ತಿಗೆ ಕೊಟ್ಟಿದ್ದು ಎಂದಿದೆಯೇ? ಮುಂದೆ ಯಾವ ಟೆಸ್ಟ್, ಯಾವ ತಾರೀಖಿಗೆ?

ಮೂರನೆಯ ಪ್ರಶ್ನೆಯಲ್ಲೇ ಹೆಚ್ಚಿನ ಚೀಟಿಗಳು ಬೀಳುತ್ತವೆ. ಬಿದ್ದವು ಎಷ್ಟು ಎಂದು ಎಣಿಸಿ ಬರೆದಿಡಿ, ಎರಡು ತಿಂಗಳ ನಂತರ ಮತ್ತೆ ಇದೇ ಲೆಕ್ಕ ಹಾಕಲಿಕ್ಕಿದೆ. ಯಾರು ಬರೆದದ್ದು ಎಂಬ ವಿಚಾರಣೆ ಈ ಮೇಜಿನ ಮೇಲೆ ಬೇಡ. ರಾತ್ರಿಯಿಡೀ ಎಚ್ಚರವಿದ್ದ ಹೌಸ್‌ಮನ್, ಅಂದರೆ ಕಿರಿಯ ಡಾಕ್ಟರ್, ಬೆಳಿಗ್ಗೆ ಹನ್ನೊಂದಕ್ಕೆ ಎಂಟನೇ ಡಿಸ್ಚಾರ್ಜ್ ಬರೆಯುವಾಗ ಟ್ರೀಟ್‌ಮೆಂಟ್ ಶೀಟನ್ನು ಹಾಗೇ ಇಳಿಸುತ್ತಾನೆ. ಕೆಲಸದ ಏರ್ಪಾಡೇ ಹಾಗಿದೆ, ಅವನನ್ನು ಬೈದು ಪ್ರಯೋಜನವಿಲ್ಲ.

ದಾಖಲಾದ ದಿನವೇ ಶುರುವಾಗಬೇಕು

ಮನೆಗೆ ಹೋಗುವ ಚೀಟಿ ಸರಿಯಾಗಬೇಕಾದರೆ ಬಂದ ದಿನದ ಪಟ್ಟಿ ಸರಿ ಇರಬೇಕು. ದಾಖಲಾದ 24 ಗಂಟೆಯೊಳಗೆ ರೋಗಿ ಮನೆಯಲ್ಲಿ ಏನೇನು ತಗೊಳ್ಳುತ್ತಿದ್ದರು ಎಂಬ ಪಟ್ಟಿ ಫೈಲಿನ ಮೊದಲ ಪುಟದಲ್ಲಿ ಕೂತಿರಲಿ. ಒಂದೇ ಕಡೆಯ ಮಾತು ನಂಬಬೇಡಿ, ಎರಡು ಮೂಲ ಬೇಕು: ರೋಗಿಯ ಬಾಯಿಮಾತು ಒಂದಾದರೆ ಸ್ಟ್ರಿಪ್ ಅಥವಾ ಹಳೆಯ ಚೀಟಿ ಇನ್ನೊಂದು. ಮನೆಯಲ್ಲಿರುವ ಔಷಧಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿ ತರಲು ಹೇಳಿ. ತರಲಾಗದಿದ್ದರೆ ಸ್ಟ್ರಿಪ್‌ನ ಹಿಂಬದಿಯ ಫೋಟೊ ವಾಟ್ಸಾಪಿನಲ್ಲಿ ತರಿಸಿ. ನಮ್ಮ ಮೆಡಿಕಲ್ ಅಂಗಡಿಗಳಲ್ಲಿ ಸ್ಟ್ರಿಪ್ ಕತ್ತರಿಸಿ ಕೊಡುವ ರೂಢಿ ಇರುವುದರಿಂದ ಎಷ್ಟೋ ಸಲ ಹೆಸರು ಬರೆದ ಭಾಗ ಅಂಗಡಿಯಲ್ಲೇ ಉಳಿದಿರುತ್ತದೆ. ಆಗ ಆ ಅಂಗಡಿಗೇ ಫೋನ್ ಮಾಡುವುದು ಸುಲಭದ ದಾರಿ.

ಕೇಳುವ ಬಗೆಯೂ ಮುಖ್ಯ. "ಬೇರೆ ಔಷಧ ಏನಾದರೂ ಉಂಟಾ?" ಎಂದರೆ "ಇಲ್ಲ" ಎಂಬ ಉತ್ತರ ಬರುತ್ತದೆ. ಒಂದೊಂದಾಗಿ ಕೇಳಿ: ಬಿಪಿಗೆ, ಶುಗರಿಗೆ, ಥೈರಾಯ್ಡಿಗೆ, ಹೃದಯಕ್ಕೆ, ರಕ್ತ ತೆಳು ಮಾಡಲು, ನಿದ್ದೆಗೆ, ಫಿಟ್ಸಿಗೆ, ಗ್ಯಾಸಿಗೆ, ಮಂಡಿನೋವಿಗೆ. ಕಣ್ಣಿನ ಹನಿ, ದಮ್ಮಿನ ಪಂಪು (ಇನ್ಹೇಲರ್) ಮತ್ತು ಇಂಜೆಕ್ಷನ್ ರೋಗಿಗಳ ಲೆಕ್ಕದಲ್ಲಿ "ಮಾತ್ರೆ" ಅಲ್ಲ, ಹಾಗಾಗಿ ಅವನ್ನು ಬೇರೆಯಾಗಿಯೇ ಕೇಳಬೇಕು. ಊರಿನಿಂದ ತರಿಸಿದ ಕಷಾಯ, ಚೂರ್ಣ, ನಾಟಿ ಪುಡಿಯನ್ನೂ ಕೇಳಿ. ಮಂಡಿನೋವಿಗೆ ತಗೊಳ್ಳುವ ಹೆಸರಿಲ್ಲದ ಪುಡಿಯಲ್ಲಿ ಸ್ಟಿರಾಯ್ಡ್ ಇರುವ ಸಾಧ್ಯತೆ ಇರುತ್ತದೆ, ಅದನ್ನು ಒಮ್ಮೆಲೇ ನಿಲ್ಲಿಸಿದರೆ ತೊಂದರೆ. ಕೊನೆಗೆ ಇನ್ನೊಂದು: "ಇದರಲ್ಲಿ ಯಾವುದನ್ನು ನಿಜವಾಗಿ ತಗೊಳ್ತಾ ಇದ್ದೀರಿ?" ಚೀಟಿಯಲ್ಲಿ ಇರುವುದಕ್ಕೂ ಬಾಯಿಗೆ ಹೋಗುವುದಕ್ಕೂ ಅಂತರ ಇರುತ್ತದೆ.

ಹಿಂದಿನ ಸಂಜೆಯ ಅರ್ಧ ಗಂಟೆ

ನಾಳೆ ಅಥವಾ ನಾಡಿದ್ದು ಯಾರು ಮನೆಗೆ ಹೋಗಬಹುದು ಎಂಬುದು ಸಂಜೆಯ ರೌಂಡಿನಲ್ಲೇ ಹೆಚ್ಚುಕಡಿಮೆ ಗೊತ್ತಿರುತ್ತದೆ. ಸಂಜೆ 4ರಿಂದ 6ರ ನಡುವೆ ಆರ್‌ಎಂಒ ಮತ್ತು ಫಾರ್ಮಸಿಸ್ಟ್ ಅಂಥವರ ಫೈಲ್ ತೆಗೆದು ಚೀಟಿಯ ಕರಡು ಮಾಡಿಡಬೇಕು. ಬೆಳಿಗ್ಗೆ ದೊಡ್ಡ ಡಾಕ್ಟರು ಅದನ್ನು ತಿದ್ದಿ ಸಹಿ ಹಾಕುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಈ ಬರಹದ ಬೇರೆ ಯಾವ ಸಲಹೆ ಬಿಟ್ಟರೂ ಇದೊಂದನ್ನು ಬಿಡಬಾರದು. ಕರಡು ಮಾಡುವಾಗ ಮೂರು ಹಾಳೆ ಪಕ್ಕಪಕ್ಕ ಇಟ್ಟುಕೊಳ್ಳಿ: ಬಂದ ದಿನದ ಪಟ್ಟಿ, ವಾರ್ಡಿನ ಟ್ರೀಟ್‌ಮೆಂಟ್ ಶೀಟ್, ಕೊನೆಯ ರಕ್ತಪರೀಕ್ಷೆ. ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಮತ್ತು ಪೊಟ್ಯಾಶಿಯಂ ನೋಡದೆ ಶುಗರ್, ಬಿಪಿ, ಆ್ಯಂಟಿಬಯಾಟಿಕ್ ಸಾಲುಗಳನ್ನು ಬರೆಯಬಾರದು.

ಆಮೇಲೆ ಪ್ರತಿ ಔಷಧವೂ ನಾಲ್ಕರಲ್ಲಿ ಒಂದು ಖಾನೆಗೆ ಬೀಳಬೇಕು: ಮೊದಲಿನಂತೆ ಮುಂದುವರಿಸುವುದು, ಬದಲಾದದ್ದು, ಹೊಸದು, ನಿಲ್ಲಿಸಿದ್ದು (ತಾತ್ಕಾಲಿಕವಾಗಿ ಅಥವಾ ಪೂರ್ತಿ). ಎಲ್ಲಿಯೂ ಸೇರದ ಔಷಧ ಒಂದು ಉಳಿದರೆ ಕರಡು ಮುಗಿದಿಲ್ಲ ಎಂದರ್ಥ.

ಒಂದು ಉದಾಹರಣೆ ಹಿಡಿದು ಹೋಗೋಣ. ಅಂಧೇರಿಯ ಕ್ಯಾಂಟೀನಿನಲ್ಲಿ ಅಡುಗೆ ಮಾಡುವ, ಕುಂದಾಪುರ ಕಡೆಯ 58ರ ಗಂಡಸು. ಮನೆಯಲ್ಲಿ ತಗೊಳ್ಳುತ್ತಿದ್ದುದು ಬಿಪಿಗೆ ಟೆಲ್ಮಿಸಾರ್ಟನ್ 40, ಶುಗರಿಗೆ ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ಸೇರಿದ ಮಾತ್ರೆ ದಿನಕ್ಕೆ ಎರಡು, ಥೈರಾಕ್ಸಿನ್ 50 ಮೈಕ್ರೋಗ್ರಾಂ. ನ್ಯುಮೋನಿಯಾ ಎಂದು ದಾಖಲಾದರು. ನೀರಿನಂಶ ಕಡಿಮೆಯಾಗಿ ಕ್ರಿಯಾಟಿನಿನ್ ಏರಿತ್ತು, ಬಿಪಿ ಇಳಿದಿತ್ತು. ಬಿಪಿ ಮಾತ್ರೆ, ಶುಗರ್ ಮಾತ್ರೆ ನಿಲ್ಲಿಸಿ ಇನ್ಸುಲಿನ್ ಹಾಕಿದರು. ಆ್ಯಂಟಿಬಯಾಟಿಕ್ ಆಗಿ ಸೆಫ್‌ಟ್ರಯಾಕ್ಸೋನ್ ಇಂಜೆಕ್ಷನ್, ಗ್ಯಾಸಿಗೆ ಪ್ಯಾಂಟೊಪ್ರಜೋಲ್ ಇಂಜೆಕ್ಷನ್, ರಾತ್ರಿ ನಿದ್ದೆ ಬರುತ್ತಿಲ್ಲವೆಂದು ಜೋಲ್ಪಿಡೆಮ್ ಕೂಡ ಕೊಟ್ಟರು. ಐದನೇ ದಿನ ಮನೆಗೆ.

ಅವಸರದ ಚೀಟಿಯಲ್ಲಿ ಆ್ಯಂಟಿಬಯಾಟಿಕ್ "ಐದು ದಿನ", ಪ್ಯಾಂಟೊಪ್ರಜೋಲ್, ಜೋಲ್ಪಿಡೆಮ್, ಕೊನೆಗೆ "ಹಳೆಯ ಔಷಧ ಮುಂದುವರಿಸಿ" ಎಂದಿರುತ್ತದೆ. ಆ ಕೊನೆಯ ಸಾಲು ಎಲ್ಲಕ್ಕಿಂತ ಕೆಟ್ಟದ್ದು. ಹಳೆಯದು ಯಾವುದು, ಯಾವ ದಿನದಿಂದ ಎಂಬುದು ಅದರಿಂದ ತಿಳಿಯುವುದಿಲ್ಲ. ನಾವಾದರೆ ಆ ಸಾಲನ್ನು ಆಸ್ಪತ್ರೆಯಲ್ಲಿ ನಿಷೇಧಿಸುತ್ತೇವೆ.

ನಾಲ್ಕು ಖಾನೆಯ ನಮೂನೆಯಲ್ಲಿ ಅದೇ ರೋಗಿಯ ಚೀಟಿ ಹೀಗಿರಬಹುದು.

ಮುಂದುವರಿಸಿ: ಥೈರಾಕ್ಸಿನ್ 50 ಮೈಕ್ರೋಗ್ರಾಂ, ಬೆಳಿಗ್ಗೆ ಖಾಲಿ ಹೊಟ್ಟೆಗೆ 1. ಮೊದಲಿನ ಬ್ರ್ಯಾಂಡೇ ಇರಲಿ.
ಬದಲಾಗಿದೆ: ಎರಡೂ ಸೇರಿದ ಶುಗರ್ ಮಾತ್ರೆ ಬೇಡ. ಅದರ ಬದಲು ಬರೀ ಮೆಟ್‌ಫಾರ್ಮಿನ್ 500 ಮಿ.ಗ್ರಾಂ, ಬೆಳಿಗ್ಗೆ 1, ರಾತ್ರಿ 1, ಊಟದ ಜೊತೆ, 15 ದಿನ, ಒಟ್ಟು 30. ಕಾರಣ: ಊಟ ಇನ್ನೂ ಸರಿಯಾಗಿ ಸೇರುತ್ತಿಲ್ಲ, ಶುಗರ್ ಇಳಿಯುವ ಭಯ.
ಹೊಸದು: ಅಮಾಕ್ಸಿಸಿಲಿನ್ ಕ್ಲಾವುಲನೇಟ್ 625 ಮಿ.ಗ್ರಾಂ, ಬೆಳಿಗ್ಗೆ 1, ಮಧ್ಯಾಹ್ನ 1, ರಾತ್ರಿ 1, ಇನ್ನು 3 ದಿನ ಮಾತ್ರ, ಒಟ್ಟು 9.
ನಿಲ್ಲಿಸಿದೆ (ತಾತ್ಕಾಲಿಕ): ಟೆಲ್ಮಿಸಾರ್ಟನ್ 40. ಒಂದು ವಾರದ ನಂತರ ಬಿಪಿ ಮತ್ತು ಕ್ರಿಯಾಟಿನಿನ್ ನೋಡಿ ಡಾಕ್ಟರು ಹೇಳಿದ ಮೇಲೆ ಶುರು.
ನಿಲ್ಲಿಸಿದೆ (ಪೂರ್ತಿ): ಇನ್ಸುಲಿನ್, ಪ್ಯಾಂಟೊಪ್ರಜೋಲ್, ಜೋಲ್ಪಿಡೆಮ್. ಇವು ವಾರ್ಡಿಗೆ ಮಾತ್ರ.

ಆ್ಯಂಟಿಬಯಾಟಿಕ್ ಸಾಲಿನ ಲೆಕ್ಕ ಗಮನಿಸಿ. ಏಳು ದಿನದ ಕೋರ್ಸ್ ಎಂದು ಡಾಕ್ಟರು ತೀರ್ಮಾನಿಸಿದ್ದರೆ ಇಂಜೆಕ್ಷನ್ ಕೊಟ್ಟ ನಾಲ್ಕು ದಿನವೂ ಅದರಲ್ಲಿ ಸೇರುತ್ತದೆ. ಮನೆಗೆ ಉಳಿಯುವುದು ಮೂರೇ ದಿನ. ವಾರ್ಡಿನ ದಿನಗಳನ್ನು ಮರೆತು ಮತ್ತೆ ಒಂದರಿಂದ ಎಣಿಸುವುದು ಪದೇ ಪದೇ ಕಾಣುವ ತಪ್ಪು.

ಗ್ಯಾಸ್ ಮಾತ್ರೆ ಮತ್ತು ನಿದ್ದೆ ಮಾತ್ರೆ ವಾರ್ಡಿನಿಂದ ಮನೆಗೆ ಸದ್ದಿಲ್ಲದೆ ಸಾಗುವ ಎರಡು ಔಷಧಗಳು. ಯಾರೂ ನಿಲ್ಲಿಸು ಎನ್ನದ ಕಾರಣ ಎರಡು ವರ್ಷದ ನಂತರವೂ ರೋಗಿ ನುಂಗುತ್ತಲೇ ಇರುತ್ತಾರೆ. ಐಸಿಯುವಿನಲ್ಲಿ ಅರಳುಮರಳಾದ ಮುದುಕರಿಗೆ ಹಾಕಿದ ಹ್ಯಾಲೊಪೆರಿಡಾಲ್ ಕೂಡ ಹೀಗೇ ಮನೆ ಸೇರುತ್ತದೆ. ಇದಕ್ಕೆ ತದ್ವಿರುದ್ಧವಾದ ತಪ್ಪೂ ಉಂಟು: ಆಪರೇಷನ್ನಿಗೆಂದು ನಿಲ್ಲಿಸಿದ ರಕ್ತ ತೆಳು ಮಾಡುವ ಮಾತ್ರೆಯನ್ನು, ಕಾಂಟ್ರಾಸ್ಟ್ ಸ್ಕ್ಯಾನಿಗೆಂದು ನಿಲ್ಲಿಸಿದ ಮೆಟ್‌ಫಾರ್ಮಿನ್ನನ್ನು ಯಾರೂ ಮತ್ತೆ ಶುರು ಮಾಡದೇ ಬಿಡುವುದು. ತಾತ್ಕಾಲಿಕವಾಗಿ ನಿಲ್ಲಿಸಿದ ಪ್ರತಿ ಔಷಧದ ಎದುರು "ಯಾವಾಗ, ಯಾರನ್ನು ಕೇಳಿ ಶುರು" ಎಂಬುದು ಇರಲೇಬೇಕು.

ಸಾಲು ಬರೆಯುವ ಶಿಸ್ತು

ಔಷಧದ ಮೂಲ ಹೆಸರು ಓದಲು ಬರುವಂತೆ, ಸಾಧ್ಯವಾದರೆ ದೊಡ್ಡಕ್ಷರದಲ್ಲಿ ಬರೆಯಬೇಕು ಎಂಬುದು ವೈದ್ಯಕೀಯ ಮಂಡಳಿಯ ನೀತಿ ನಿಯಮದಲ್ಲಿ 2016ರಲ್ಲೇ ಬಂದಿದೆ. ಡೋಸ್ ಮತ್ತು ಒಟ್ಟು ಪ್ರಮಾಣ, ರೋಗಿಯ ಹೆಸರು, ವಿಳಾಸ, ತಾರೀಖು, ಸಹಿ ಇರಬೇಕೆಂಬುದು ಡ್ರಗ್ಸ್ ಆ್ಯಂಡ್ ಕಾಸ್ಮೆಟಿಕ್ಸ್ ನಿಯಮಗಳಲ್ಲಿ ಅದಕ್ಕೂ ಹಳೆಯದು. ಇದನ್ನು ಕಾಗದದ ಕಾಟ ಎಂದುಕೊಳ್ಳಬೇಡಿ. 2014ರ ಮಾರ್ಚ್‌ನಿಂದ ಜಾರಿಗೆ ಬಂದ ಎಚ್1 ಪಟ್ಟಿಯ ಔಷಧಗಳನ್ನು, ಅಂದರೆ ಸೆಫಿಕ್ಸಿಮ್, ಆಲ್ಪ್ರಜೋಲಾಮ್, ಟ್ರಮಡಾಲ್ ಮುಂತಾದವನ್ನು, ಮಾರುವಾಗ ಅಂಗಡಿಯವರು ಡಾಕ್ಟರ, ರೋಗಿಯ ಹೆಸರು, ಔಷಧ, ಪ್ರಮಾಣ ದಾಖಲಿಸಿ ಮೂರು ವರ್ಷ ಇಟ್ಟುಕೊಳ್ಳಬೇಕು. ಒಟ್ಟು ಎಷ್ಟು ಎಂದು ಬರೆಯದ ಚೀಟಿ ಹಿಡಿದು ಊರಿನ ಮೆಡಿಕಲ್ ಅಂಗಡಿಗೆ ಹೋದವರು ಬರಿಗೈಯಲ್ಲಿ ವಾಪಸಾಗುವುದು ಅದಕ್ಕೇ.

ಮೂಲ ಹೆಸರಿನ ಪಕ್ಕ ಬ್ರ್ಯಾಂಡ್ ಕೂಡ ಇರಲಿ, ರೋಗಿಗೆ ಪರಿಚಯ ಇರುವುದು ಅದೇ. ಬರೀ ಬ್ರ್ಯಾಂಡ್ ಬರೆದರೆ ಏನಾಗುತ್ತದೆ? ಮನೆಯಲ್ಲಿ ಎಲ್ಟ್ರಾಕ್ಸಿನ್ ಇದೆ, ಆಸ್ಪತ್ರೆ ಥೈರೊನಾರ್ಮ್ ಕೊಟ್ಟಿತು, ರೋಗಿ ಎರಡನ್ನೂ ನುಂಗುತ್ತಾರೆ. ಎರಡೂ ಥೈರಾಕ್ಸಿನ್ನೇ. ಪ್ಯಾನ್ 40 ಮತ್ತು ಪ್ಯಾಂಟೊಸಿಡ್ ಕೂಡ ಹಾಗೆಯೇ ಒಂದೇ ಔಷಧ. ಕ್ಲೊಪಿಡೊಗ್ರೆಲ್ ಜೊತೆ ಆಸ್ಪಿರಿನ್ ಸೇರಿಸಿದ ಮಾತ್ರೆ ಕೊಟ್ಟು, ಮನೆಯ ಇಕೊಸ್ಪ್ರಿನ್ (ಅದೂ ಆಸ್ಪಿರಿನ್ನೇ) ನಿಲ್ಲಿಸಲು ಹೇಳದಿದ್ದರೆ ಆಸ್ಪಿರಿನ್ ಎರಡು ಪಾಲು.

ಅಂಕಿಗಳಲ್ಲಿ: 1 ಎಂದು ಬರೆಯಿರಿ, 1.0 ಎಂದಲ್ಲ, ಚುಕ್ಕಿ ಅಳಿಸಿದರೆ ಹತ್ತಾಗುತ್ತದೆ. ಅರ್ಧಕ್ಕೆ 0.5 ಎಂದು ಮುಂದೆ ಸೊನ್ನೆ ಇರಲಿ. ಮೈಕ್ರೋಗ್ರಾಂ, ಯೂನಿಟ್ ಎಂಬುದನ್ನು ಪೂರ್ತಿ ಬರೆಯಿರಿ. ಯೂನಿಟಿಗೆ ಇಂಗ್ಲಿಷಿನ U ಎಂಬ ಒಂದಕ್ಷರ ಹಾಕಿದರೆ ಅದು ಸೊನ್ನೆಯಂತೆ ಕಂಡು 4 ಹೋಗಿ 40 ಆಗುತ್ತದೆ.

ಎರಡನೇ ಕಣ್ಣು ಬೀಳಲೇಬೇಕಾದ ಐದು

ಎಲ್ಲ ಚೀಟಿಯನ್ನೂ ಇಬ್ಬರು ನೋಡುವಷ್ಟು ಜನ ನಿಮ್ಮಲ್ಲಿ ಇಲ್ಲದಿರಬಹುದು. ಇನ್ಸುಲಿನ್, ರಕ್ತ ತೆಳು ಮಾಡುವ ಔಷಧ, ಮೆಥೊಟ್ರೆಕ್ಸೇಟ್, ಸ್ಟಿರಾಯ್ಡ್, ಫಿಟ್ಸ್ ಮಾತ್ರೆ, ಈ ಐದರಲ್ಲಿ ಒಂದಿದ್ದರೂ ಫಾರ್ಮಸಿಸ್ಟ್ ನೋಡಿ ಸಹಿ ಹಾಕದೆ ಚೀಟಿ ರೋಗಿಯ ಕೈಗೆ ಹೋಗಬಾರದು.

ಇನ್ಸುಲಿನ್ ವಿಷಯದಲ್ಲಿ ನಮ್ಮ ದೇಶಕ್ಕೆ ಒಂದು ವಿಶೇಷ ತಾಪತ್ರಯ ಇದೆ. ಇಲ್ಲಿ ಸಾಮಾನ್ಯವಾಗಿ ಸಿಗುವ ಬಾಟಲಿ ಒಂದು ಎಂಎಲ್‌ಗೆ 40 ಯೂನಿಟಿನದು, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಪೆನ್ನಿನ ಕಾರ್ಟ್ರಿಜ್ 100 ಯೂನಿಟಿನದು, ಆ ಸಾಂದ್ರತೆಯ ಸಿರಿಂಜಿನ ಮುಚ್ಚಳ ಕಿತ್ತಳೆ ಬಣ್ಣದ್ದು. ಪೆನ್ನು ಕೆಟ್ಟಿತೆಂದು ಕಾರ್ಟ್ರಿಜ್‌ನಿಂದ ಕೆಂಪು ಮುಚ್ಚಳದ ಸಿರಿಂಜಿಗೆ 20ರ ಗೆರೆಯವರೆಗೆ ಎಳೆದರೆ ಒಳಗೆ ಹೋಗುವುದು 50 ಯೂನಿಟ್. ಉಲ್ಟಾ ಆದರೆ, 40ರ ಬಾಟಲಿಯಿಂದ ಕಿತ್ತಳೆ ಸಿರಿಂಜಿಗೆ 20ರ ಗೆರೆಯವರೆಗೆ ತೆಗೆದರೆ, ಬರೀ 8. ಹಾಗಾಗಿ ಚೀಟಿಯಲ್ಲಿ ಇನ್ಸುಲಿನ್ ಹೆಸರು ಮಾತ್ರ ಸಾಲದು. ಬಾಟಲಿಯೋ ಪೆನ್ನೋ, ಯಾವ ಮುಚ್ಚಳದ ಸಿರಿಂಜ್, ಸೂಜಿ ಎಷ್ಟು ಎಂಬುದೆಲ್ಲ ಬೇಕು. ಮನೆಗೆ ಹೋಗುವ ಮುಂಚೆ ಕೊಡುವವರ ಕೈಯಿಂದಲೇ ಒಂದು ಡೋಸ್ ಎಳೆಸಿ ನೋಡಿ.

ಮೆಥೊಟ್ರೆಕ್ಸೇಟ್ ಸಂಧಿವಾತಕ್ಕೆ ವಾರಕ್ಕೊಮ್ಮೆ. ಅದನ್ನು ದಿನಾ ತಗೊಂಡರೆ ಜೀವಕ್ಕೇ ಅಪಾಯ. ವಾರದ ಹೆಸರನ್ನೇ ಬರೆಯಿರಿ: "ಭಾನುವಾರ ಮಾತ್ರ". ಆ ದಿನವನ್ನು ರೋಗಿಯೇ ಆರಿಸಲಿ, ನೆನಪಿರುತ್ತದೆ. ನಾಲ್ಕು ವಾರಕ್ಕಿಂತ ಹೆಚ್ಚು ಮಾತ್ರೆ ಒಮ್ಮೆಗೆ ಕೊಡಬೇಡಿ.

ರಕ್ತ ತೆಳು ಮಾಡುವ ವಾರ್ಫರಿನ್ ಅಥವಾ ಅಸೆನೊಕೌಮರಾಲ್ ಆದರೆ "ಎರಡು ಮಾತ್ರೆ" ಎಂದು ಬರೆಯದೆ ಮಿಲಿಗ್ರಾಂ ಬರೆಯಿರಿ. ಒಂದೇ ಹೆಸರಿನಲ್ಲಿ 1, 2, 3 ಮಿ.ಗ್ರಾಂ ಮಾತ್ರೆಗಳಿವೆ. ಮುಂದಿನ ಐಎನ್‌ಆರ್ (ರಕ್ತ ಎಷ್ಟು ತೆಳುವಾಗಿದೆ ಎಂಬ ಪರೀಕ್ಷೆ) ಯಾವ ತಾರೀಖು, ಫಲಿತಾಂಶ ಯಾರಿಗೆ ತಿಳಿಸುವುದು ಎಂಬುದು ಅದೇ ಸಾಲಿನಲ್ಲಿರಲಿ. ಸ್ಟಿರಾಯ್ಡ್ ಇಳಿಸುತ್ತಾ ಬರುವುದಿದ್ದರೆ "ನಿಧಾನವಾಗಿ ಕಡಿಮೆ ಮಾಡಿ" ಎಂದು ಬರೆಯುವುದು ರೋಗಿಗೆ ಮಾಡುವ ಅನ್ಯಾಯ. ಯಾವ ತಾರೀಖಿನಿಂದ ಯಾವ ತಾರೀಖಿಗೆ ಎಷ್ಟು ಎಂದು ಸಣ್ಣ ಕೋಷ್ಟಕ ಹಾಕಿಕೊಡಿ.

ಮೂಗಿನ ನಳಿಕೆಯಲ್ಲಿ ಆಹಾರ ಕೊಡುವ ರೋಗಿ ಮನೆಗೆ ಹೋಗುವಾಗ ಇನ್ನೊಂದು ಪರೀಕ್ಷೆ ಇದೆ. ಹೆಸರಿನ ಕೊನೆಗೆ ಎಸ್ಆರ್, ಇಆರ್, ಎಕ್ಸ್ಎಲ್ ಎಂದು ಬಾಲ ಇರುವ, ನಿಧಾನವಾಗಿ ಔಷಧ ಬಿಡುವ ಮಾತ್ರೆಗಳನ್ನು ಪುಡಿ ಮಾಡಿದರೆ ದಿನದ ಔಷಧವೆಲ್ಲ ಒಮ್ಮೆಲೇ ರಕ್ತಕ್ಕೆ ಸೇರುತ್ತದೆ. ಬದಲಿಗೆ ಸಿರಪ್ ಅಥವಾ ಸಾದಾ ಮಾತ್ರೆ ಇದೆಯೇ ಎಂದು ಫಾರ್ಮಸಿಸ್ಟ್ ಹುಡುಕಬೇಕು. ಮನೆಯವರಿಗೆ ಇದು ತಾನಾಗಿ ತಿಳಿಯುವುದಿಲ್ಲ.

ಟಿಪಿಎ ಫೈಲ್ ಮತ್ತು ಎರಡು ಚೀಟಿಗಳ ಗೊಂದಲ

ಇನ್ಶೂರೆನ್ಸ್ ಇರುವ ರೋಗಿಗೆ ಡಿಸ್ಚಾರ್ಜ್ ಸಾರಾಂಶ ಮೊದಲು ಟಿಪಿಎಗೆ, ಅಂದರೆ ವಿಮಾ ಕಂಪನಿಯ ಪರವಾಗಿ ಕ್ಲೇಮ್ ನೋಡುವ ಸಂಸ್ಥೆಗೆ, ಹೋಗಬೇಕು. ವಿಮಾ ನಿಯಂತ್ರಣ ಪ್ರಾಧಿಕಾರ 2024ರ ಸುತ್ತೋಲೆಯಲ್ಲಿ ಡಿಸ್ಚಾರ್ಜ್ ಕೋರಿಕೆ ಬಂದ ಮೂರು ಗಂಟೆಯೊಳಗೆ ಅಂತಿಮ ಒಪ್ಪಿಗೆ ಕೊಡಬೇಕೆಂದಿದೆ. ಆ ಗಡಿಯಾರ ಶುರುವಾಗಲೆಂದು ಬಿಲ್ಲಿಂಗ್‌ನವರು ಬೆಳಿಗ್ಗೆಯೇ ಕರಡನ್ನು ಕಳಿಸಿಬಿಡುತ್ತಾರೆ. ಹನ್ನೆರಡಕ್ಕೆ ಡಾಕ್ಟರು ಬಂದು ಪೆನ್ನಿನಲ್ಲಿ ಒಂದು ಮಾತ್ರೆ ಹೊಡೆದು ಇನ್ನೊಂದು ಬರೆಯುತ್ತಾರೆ. ಈಗ ಫಾರ್ಮಸಿಯಲ್ಲಿ ಒಂದು ಪಟ್ಟಿ, ಟಿಪಿಎಯಲ್ಲಿ ಒಂದು, ರೋಗಿಯ ಕೈಯಲ್ಲಿ ಇನ್ನೊಂದು.

ಪರಿಹಾರ ಸರಳ. ಪ್ರತಿ ಪ್ರತಿಯ ಮೇಲೂ ತಾರೀಖು, ಗಂಟೆ ಹಾಕಿ. ಬದಲಾವಣೆ ಆದರೆ ಪೆನ್ನಿನ ತಿದ್ದುಪಡಿ ಬೇಡ, ಹೊಸ ಪ್ರಿಂಟ್ ತೆಗೆಯಿರಿ, ಹಳೆಯದನ್ನು ಅಲ್ಲೇ ಹರಿಯಿರಿ, ಫಾರ್ಮಸಿಗೆ ಫೋನ್ ಮಾಡಿ. ಚೀಲ ಕಟ್ಟಿಯಾಗಿದ್ದರೆ ಬಿಚ್ಚಿ ಮತ್ತೆ ಕಟ್ಟಿ.

ಫಾರ್ಮಸಿಯ ಪಾಲು

ಹಿಂದಿನ ಸಂಜೆಯ ಕರಡು ಸಿಕ್ಕಿದರೆ ಫಾರ್ಮಸಿಗೆ ಇಲ್ಲದ ಔಷಧ ತರಿಸಲು ಹೊತ್ತು ಸಿಗುತ್ತದೆ. ಭಾನುವಾರ ಸಂಜೆ ಕಳಿಸುವುದಾದರೆ ಇದು ಇನ್ನೂ ಮುಖ್ಯ. ಡೋಸ್ ಬದಲಾಗುವ ಸಾಧ್ಯತೆ ಇರುವ ಔಷಧವನ್ನು ಮುಂದಿನ ಭೇಟಿಯವರೆಗೆ ಮಾತ್ರ ಕೊಡಿ. ತಿಂಗಳಿಗಾಗುವಷ್ಟು ಕೊಟ್ಟರೆ ನಿಲ್ಲಿಸಿದ ಮೇಲೂ ಮನೆಯಲ್ಲಿ ಉಳಿಯುತ್ತದೆ, ನಮ್ಮ ಜನ ದುಡ್ಡು ಕೊಟ್ಟ ಮಾತ್ರೆಯನ್ನು ಎಸೆಯುವವರಲ್ಲ. ಆಸ್ಪತ್ರೆಯ ಅಂಗಡಿಯಲ್ಲೇ ಕೊಳ್ಳುವುದು ಕಡ್ಡಾಯವಲ್ಲ ಎಂಬ ಫಲಕ ಹಾಕುವಂತೆ ಮಹಾರಾಷ್ಟ್ರದ ಎಫ್‌ಡಿಎ (ಆಹಾರ ಮತ್ತು ಔಷಧ ಆಡಳಿತ) 2025ರಲ್ಲಿ ಸೂಚಿಸಿದೆ. ಹೊರಗೆ ಕೊಳ್ಳುವ ರೋಗಿಗೂ ಮಂಚದ ಪಕ್ಕದ ವಿವರಣೆ ಅಷ್ಟೇ ಸಿಗಬೇಕು, ಚೀಲವನ್ನು ತಂದು ತೋರಿಸಲು ಹೇಳಿ.

ಕವರಿನ ಮೇಲೆ ಅಂಟಿಸುವ ಚೀಟಿ ಕನ್ನಡ, ಮರಾಠಿ, ಹಿಂದಿ ಮೂರರಲ್ಲೂ ಮೊದಲೇ ಅಚ್ಚು ಹಾಕಿಸಿಟ್ಟುಕೊಳ್ಳಿ. "1-0-1" ಓದು ಬಂದವರಿಗೂ ಕೆಲವೊಮ್ಮೆ ನೂರಾ ಒಂದು. "ಬೆಳಿಗ್ಗೆ 1, ಮಧ್ಯಾಹ್ನ ಇಲ್ಲ, ರಾತ್ರಿ 1" ಎಂದು ಬಿಡಿಸಿ ಬರೆದು ಪಕ್ಕದಲ್ಲಿ ಸೂರ್ಯ, ಚಂದ್ರನ ಚಿತ್ರ ಹಾಕಿ. ಏನಕ್ಕೆ ಎಂಬುದೂ ಬೇಕು: "ಬಿಪಿಗೆ", "ಕಫಕ್ಕೆ".

ಮಂಚದ ಪಕ್ಕದ ಹತ್ತು ನಿಮಿಷ

ಇದನ್ನು ಬಿಲ್ ಕೌಂಟರಿನಲ್ಲಿ ಮಾಡಬೇಡಿ, ಲಿಫ್ಟಿನ ಎದುರೂ ಬೇಡ. ಮನೆಯಲ್ಲಿ ಮಾತ್ರೆ ಕೊಡುವವರು ಯಾರೋ ಅವರು ಅಲ್ಲಿರಬೇಕು. ದುಡ್ಡು ಕಟ್ಟುವ ಮಗನಿಗಿಂತ ಸೊಸೆಗೋ ಹೆಂಡತಿಗೋ ಗೊತ್ತಾಗುವುದು ಹೆಚ್ಚು ಅಗತ್ಯ. ರೂಮಿನಲ್ಲಿ ಒಬ್ಬಂಟಿಯಾಗಿರುವ ಹೋಟೆಲ್ ಹುಡುಗನಾದರೆ ಅವನ ಜೊತೆ ಮಲಗುವ ಗೆಳೆಯನನ್ನು ಕರೆಸಿ.

ಒಂದೊಂದೇ ಸ್ಟ್ರಿಪ್ ಕೈಗೆ ಕೊಟ್ಟು ಹೇಳಿ: ಇದು ಏನಕ್ಕೆ, ಯಾವಾಗ, ಎಷ್ಟು ದಿನ. ಆಮೇಲೆ "ಅರ್ಥ ಆಯ್ತಾ?" ಎಂದು ಕೇಳಬೇಡಿ. ದೊಡ್ಡವರ ಎದುರು ಅರ್ಥ ಆಗಲಿಲ್ಲ ಎನ್ನಲು ನಮ್ಮವರಿಗೆ ಸಂಕೋಚ. "ಅಕ್ಕಾ, ಇವತ್ತು ರಾತ್ರಿ ಊಟ ಆದ ಮೇಲೆ ಯಾವುದೆಲ್ಲ ಕೊಡ್ತೀರಿ, ಚೀಲದಿಂದ ತೆಗೆದು ತೋರಿಸಿ" ಎನ್ನಿ. ತಪ್ಪು ಸ್ಟ್ರಿಪ್ ಕೈಗೆ ಬಂದರೆ ನೀವು ಹೇಳಿದ್ದು ಸಾಲಲಿಲ್ಲ ಎಂದು ತಿಳಿದು ಮತ್ತೆ ಹೇಳಿ. ನಿಲ್ಲಿಸಿದ ಔಷಧದ ಬಗ್ಗೆಯೂ ಹೀಗೇ: "ಮನೆಗೆ ಹೋಗಿ ಹಳೆಯ ಡಬ್ಬಿಯಿಂದ ಯಾವುದನ್ನು ತೆಗೆದು ಬೇರೆ ಇಡ್ತೀರಿ?"

ಇವತ್ತಿನ ಡೋಸ್ ಮರೆಯಬೇಡಿ. ಬೆಳಗಿನ ಮಾತ್ರೆ ವಾರ್ಡಿನಲ್ಲಿ ಕೊಟ್ಟಾಗಿದೆ, ರೋಗಿ ಸಂಜೆ ಐದಕ್ಕೆ ಮನೆ ತಲುಪುತ್ತಾರೆ. ಇವತ್ತಿನದು ಬಾಕಿ ಇದೆ ಎಂದುಕೊಂಡು ಮತ್ತೊಮ್ಮೆ ನುಂಗಬಹುದು, ಅಥವಾ ನಾಳೆಯಿಂದ ಶುರು ಎಂದುಕೊಂಡು ರಾತ್ರಿಯದನ್ನು ಬಿಡಬಹುದು. ಪ್ರತಿ ಔಷಧದ ಎದುರು "ಮುಂದಿನದು ಇವತ್ತು ರಾತ್ರಿ 9ಕ್ಕೆ" ಅಥವಾ "ನಾಳೆ ಬೆಳಿಗ್ಗೆ" ಎಂದು ಸಿಸ್ಟರ್ ಕೈಬರಹದಲ್ಲಿ ಬರೆದುಕೊಡಲಿ.

ಹೊತ್ತಿನ ಬಗ್ಗೆ ಒಂದು ಮಾತು. "ಮೂರು ಹೊತ್ತು ಊಟದ ನಂತರ" ಎಂಬುದು ಆಫೀಸಿನವರಿಗೆ ಹೊಂದುತ್ತದೆ. ಹೋಟೆಲಿನಲ್ಲಿ ಬೆಳಿಗ್ಗೆ ಐದಕ್ಕೆ ಒಲೆ ಹಚ್ಚುವವನ ಮಧ್ಯಾಹ್ನದ ಊಟ ಮೂರೂವರೆಗೆ, ರಾತ್ರಿಯದು ಹನ್ನೊಂದೂವರೆಗೆ. ಸೆಕ್ಯೂರಿಟಿಯಲ್ಲಿ ನೈಟ್ ಡ್ಯೂಟಿ ಮಾಡುವವನಿಗೆ ಬೆಳಿಗ್ಗೆಯೇ ಮಲಗುವ ಹೊತ್ತು. ಮೊದಲು "ನೀವು ಏಳುವುದು, ಉಣ್ಣುವುದು, ಮಲಗುವುದು ಎಷ್ಟಕ್ಕೆ?" ಎಂದು ಕೇಳಿ, ಆ ಗಂಟೆಗಳಿಗೆ ಮಾತ್ರೆ ಹೊಂದಿಸಿ. ಶುಗರ್ ಇಳಿಸುವ ಮಾತ್ರೆ ತಗೊಂಡು ಎರಡು ಗಂಟೆ ಊಟ ಸಿಗದಿದ್ದರೆ ತಲೆ ಸುತ್ತಿ ಬೀಳುವುದು ಒಲೆಯ ಪಕ್ಕದಲ್ಲೇ.

ಊರಿಗೆ ಹೊರಡುವವರು

ನಮ್ಮ ರೋಗಿಗಳಲ್ಲಿ ಅನೇಕರು ಡಿಸ್ಚಾರ್ಜ್ ಆದವರೇ ಮತ್ಸ್ಯಗಂಧ ಹತ್ತಿ ಉಡುಪಿ ಕಡೆಗೋ, ಉದ್ಯಾನ್ ಹಿಡಿದು ಕಲಬುರ್ಗಿ ಕಡೆಗೋ ಹೊರಡುತ್ತಾರೆ. "ಒಂದು ವಾರ ಬಿಟ್ಟು ಓಪಿಡಿಗೆ ಬನ್ನಿ" ಎಂದು ಬರೆದರೆ ಅವರ ಮಟ್ಟಿಗೆ ಏನೂ ಬರೆದಂತಲ್ಲ. ಎಲ್ಲಿಗೆ ಹೋಗುತ್ತೀರಿ ಎಂದು ಮೊದಲೇ ಕೇಳಿ. ಊರಿನ ಡಾಕ್ಟರಿಗೆ ನಾಲ್ಕು ಸಾಲಿನ ಪತ್ರ ಬರೆಯಿರಿ: ಏನಾಗಿತ್ತು, ಯಾವ ಔಷಧ ಯಾಕೆ ಬದಲಾಯಿತು, ಯಾವ ಟೆಸ್ಟ್ ಯಾವಾಗ, ತೊಂದರೆ ಆದರೆ ಫೋನ್ ಯಾರಿಗೆ. ಟೆಲ್ಮಿಸಾರ್ಟನ್ ಅಥವಾ ಸ್ಪೈರೊನೊಲ್ಯಾಕ್ಟೋನ್ ಹೊಸದಾಗಿ ಶುರು ಮಾಡಿದ್ದರೆ ಒಂದೆರಡು ವಾರದಲ್ಲಿ ಕ್ರಿಯಾಟಿನಿನ್, ಪೊಟ್ಯಾಶಿಯಂ ನೋಡಬೇಕು. ಅದು ಕುಂದಾಪುರದಲ್ಲೂ ಆಗುತ್ತದೆ, ಸಿಂದಗಿಯಲ್ಲೂ ಆಗುತ್ತದೆ, ಬರೆದಿದ್ದರೆ ಮಾತ್ರ.

ಔಷಧ ಪ್ರಯಾಣದ ದಿನಗಳ ಮೇಲೆ ಇನ್ನೊಂದು ವಾರಕ್ಕೆ ಸಾಕಾಗುವಷ್ಟಿರಲಿ. ಸೀಟಿನಡಿಯ ದೊಡ್ಡ ಬ್ಯಾಗಿನಲ್ಲಿ ಬೇಡ, ಕೈಚೀಲದಲ್ಲಿರಲಿ. ಬಳಕೆಯಲ್ಲಿರುವ ಇನ್ಸುಲಿನ್ ಹೆಚ್ಚು ಬಿಸಿಯಿಲ್ಲದ ಜಾಗದಲ್ಲಿ ನಾಲ್ಕು ವಾರದ ತನಕ ಸಾಮಾನ್ಯವಾಗಿ ಕೆಡುವುದಿಲ್ಲ. ಬಿಸಿಲಿನ ಕಿಟಕಿ ಪಕ್ಕ ಇಡಬಾರದು, ಐಸಿಗೆ ನೇರ ತಾಗಿಸಲೂಬಾರದು, ಹೆಪ್ಪುಗಟ್ಟಿದ್ದನ್ನು ಮತ್ತೆ ಬಳಸುವಂತಿಲ್ಲ. ಚೀಟಿಯ ಫೋಟೊ ಕನಿಷ್ಠ ಇಬ್ಬರ ಫೋನಿನಲ್ಲಿರಲಿ.

ಡಾಕ್ಟರು ಬೇಡವೆಂದರೂ ತಮ್ಮ ಜವಾಬ್ದಾರಿಯ ಮೇಲೆ ಹೊರಡುವವರಿಗೆ, ವಾರ್ಡಿನ ಭಾಷೆಯಲ್ಲಿ ಡಾಮಾ ಕೇಸಿಗೆ, ಸಹಿ ಹಾಕಿಸಿಕೊಂಡು ಬರಿಗೈಯಲ್ಲಿ ಕಳಿಸುವ ಅಭ್ಯಾಸ ಕೆಲವೆಡೆ ಇದೆ. ದುಡ್ಡು ಸಾಲದೆ ಹೋಗುವವರೇ ಅವರಲ್ಲಿ ಹೆಚ್ಚು. ಔಷಧದ ಪಟ್ಟಿ ಅವರಿಗೇ ಎಲ್ಲರಿಗಿಂತ ಹೆಚ್ಚು ಬೇಕು. ಕೈಲಾಗುವ ಬೆಲೆಯ ಮಾತ್ರೆ ಜನೌಷಧಿ ಕೇಂದ್ರದಲ್ಲಿ ಸಿಗುತ್ತದೆಯೇ ಎಂದು ನೋಡಿ ಹೇಳಿ.

ಮೂರನೇ ದಿನದ ಫೋನ್

ಮನೆಗೆ ಹೋದ 48ರಿಂದ 72 ಗಂಟೆಯೊಳಗೆ ಸಿಸ್ಟರ್ ಅಥವಾ ಫಾರ್ಮಸಿಸ್ಟ್ ಒಂದು ಫೋನ್ ಮಾಡಲಿ. ಎಲ್ಲರಿಗೂ ಆಗದಿದ್ದರೆ ಐದಕ್ಕಿಂತ ಹೆಚ್ಚು ಔಷಧ ಇರುವವರಿಗೆ, ಮೇಲೆ ಹೇಳಿದ ಐದರಲ್ಲಿ ಒಂದು ಇರುವವರಿಗೆ, ಒಬ್ಬರೇ ಇರುವವರಿಗೆ. ಕೇಳಬೇಕಾದ್ದು ಇಷ್ಟೇ: ಎಲ್ಲ ಔಷಧ ಸಿಕ್ಕಿತಾ? ಇವತ್ತು ಬೆಳಿಗ್ಗೆ ಏನೇನು ತಗೊಂಡಿರಿ, ಸ್ಟ್ರಿಪ್ ನೋಡಿ ಓದಿ. ಹಳೆಯದನ್ನು ತೆಗೆದಿಟ್ಟಿರಾ? ತಲೆಸುತ್ತು, ವಾಂತಿ, ಮೈಮೇಲೆ ಗುಳ್ಳೆ, ಎಲ್ಲಿಂದಾದರೂ ರಕ್ತ? ಟೆಸ್ಟಿನ ತಾರೀಖು ನೆನಪಿದೆಯಾ?

ಉತ್ತರದಲ್ಲಿ ಗೊಂದಲ ಕಂಡರೆ ಸಿಸ್ಟರ್ ತಾವೇ ಡೋಸ್ ಬದಲಿಸುವಂತಿಲ್ಲ, ಅದೇ ಗಂಟೆ ಆರ್‌ಎಂಒಗೆ ತಿಳಿಸಿ ವಾಪಸ್ ಫೋನ್ ಮಾಡಬೇಕು. ಫೋನಿನಲ್ಲಿ ಸಿಕ್ಕ ಪ್ರತಿ ತಪ್ಪನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ, ರೋಗಿಯ ಹೆಸರು ಬೇಡ, ತಪ್ಪಿನ ಬಗೆ ಸಾಕು. ಒಂದೇ ವಾರ್ಡಿನಲ್ಲಿ, ಹತ್ತು ರೋಗಿಗಳ ಮಟ್ಟಿಗೆ ಎರಡು ವಾರ ನಡೆಸಿ, ನೋಟ್‌ಬುಕ್ ನೋಡಿ ನಮೂನೆ ತಿದ್ದಿಕೊಂಡು ಆಮೇಲೆ ಪಕ್ಕದ ವಾರ್ಡಿಗೆ ಹೋಗಿ. ಇಡೀ ಆಸ್ಪತ್ರೆಗೆ ಒಂದೇ ದಿನ ಸುತ್ತೋಲೆ ಹೊರಡಿಸಿದ ಕಡೆ ನಾಲ್ಕನೇ ವಾರಕ್ಕೆ ನಮೂನೆಯ ಖಾನೆಗಳಲ್ಲಿ ಬರೀ ಸರಿ ಗುರುತು ಉಳಿದಿರುತ್ತದೆ. ಎರಡು ತಿಂಗಳಾದ ಮೇಲೆ ಮತ್ತೆ 20 ಚೀಟಿ ತೆಗೆದು ಅದೇ ಮೂವರು ಅದೇ ಮೇಜಿಗೆ ಕೂರಲಿ.